ಒಂದೇ ಮೂಗಿನ ಮನೆ

ಜನವರಿ 11, 1985

ಮೊಂಟಾಲ್ಚಿನೋದಲ್ಲಿ ಇಂಥ ಚಳಿಯನ್ನು ನಾನು ಕಂಡಿಲ್ಲ, ನನ್ನ ಅತ್ತೆಯೂ ಕಂಡಿರಲಿಲ್ಲ. ಬೆಳಿಗ್ಗೆ ನೋಡಿದರೆ ಅಂಗಳದ ಕಲ್ಲುತೊಟ್ಟಿ ಎರಡಾಗಿ ಸೀಳಿತ್ತು. ಆಲಿವ್ ಮರಗಳ ತೊಗಟೆ ಒಡೆಯುವ ಸದ್ದು ಮಲಗಿದಲ್ಲಿಗೇ ಕೇಳುತ್ತಿದೆ. ನಾಲ್ಕು ದಿನದಿಂದ ಜ್ವರ. ಮೂಗು ಕಟ್ಟಿದೆ. ಮಗನ ಹೆಂಡತಿ ಹೊತ್ತುಹೊತ್ತಿಗೆ ಸಾರು ತಂದಿಟ್ಟು ಹೋಗುತ್ತಾಳೆ. ಬಿಸಿನೀರಿಗೆ ಉಪ್ಪು ಹಾಕಿದ ಹಾಗಿದೆ. ಲಿವೋರ್ನೋದ ಮೀನಿನಂಗಡಿಯವರ ಮಗಳು. ಕೋಳಿಸಾರು ಮಾಡಲು ಯಾರು ಕಲಿಸಿರುತ್ತಾರೆ?

ಆಲಿವ್ ಸತ್ತರೂ ದ್ರಾಕ್ಷಿ ಬಳ್ಳಿ ಸಾಯುವುದಿಲ್ಲ. ಬಳ್ಳಿ ನನ್ನ ಹಾಗೆ.

ಫೆಬ್ರವರಿ 3

ಜ್ವರ ಬಿಟ್ಟು ಎರಡು ವಾರವಾಯಿತು. ಊಟ ಮಾತ್ರ ಹಾಗೇ ಸಪ್ಪೆ. ಇವತ್ತು ತಟ್ಟೆ ತಳ್ಳಿ ಮಗ ಫೋಸ್ಕೋನನ್ನು ಕೇಳಿಯೇಬಿಟ್ಟೆ.

"ನಿನ್ನ ಹೆಂಡ್ತಿ ಅಡುಗೆಗೆ ಏನೂ ಹಾಕೋದೇ ಇಲ್ವಾ?"

"ಅಮ್ಮ, ಅಷ್ಟೊಂದು ಬೆಳ್ಳುಳ್ಳಿ ಹಾಕಿದಾಳೆ. ಅಂಗಳದ ತನಕ ಘಮ್ ಅಂತಿದೆ."

"ನಲವತ್ತು ವರ್ಷ ದಾಟಿದವನು, ಬೆಳ್ಳುಳ್ಳಿ ಘಮಕ್ಕೆ ಬಾಯಿ ಬಿಡ್ತಾನೆ" ಎಂದೆ. ಅವನ ಹೆಂಡತಿ ನನ್ನ ತಟ್ಟೆ ಎತ್ತಿಕೊಂಡು ಹೋದಳು. ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಮುಚ್ಚಿದಳು.

ಫೆಬ್ರವರಿ 12

ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಕೂತು ಕಾಲುಚೀಲ ಹೊಲಿಯುತ್ತಿದ್ದೆ. ಫೋಸ್ಕೋ ಅಂಗಳದಿಂದ ಓಡಿ ಬಂದ. "ಅಮ್ಮಾ, ಮನೆಯೆಲ್ಲ ಸುಟ್ಟ ವಾಸನೆ!" ನೋಡಿದರೆ ಪಾತ್ರೆಯ ತಳ ಕರಿ ಕಲ್ಲಿನ ಹಾಗಾಗಿತ್ತು. ನಾನು ಒಂದು ಮೊಳ ದೂರದಲ್ಲಿದ್ದೆ.

ಅವನು ಹೋದ ಮೇಲೆ ಉಗ್ರಾಣದ ಬಾಗಿಲು ಹಾಕಿಕೊಂಡು ಒಂದೊಂದನ್ನೇ ಮೂಸಿದೆ. ಬೆಳ್ಳುಳ್ಳಿ ಇಲ್ಲ. ಕಾಫಿಪುಡಿ ಇಲ್ಲ. ಹಳೆಯ ಚೀಸಿನ ಉಂಡೆಗೆ ಮೂಗು ಒತ್ತಿದೆ, ಇಲ್ಲ. ವಿನೆಗರ್ ಒಳಗೆ ಚುಚ್ಚಿತು, ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಫೆಬ್ರವರಿ 20

ಕನ್ನಡಕ ಬದಲಿಸಬೇಕು ಎಂದು ಹೇಳಿ ಒಬ್ಬಳೇ ಬಸ್ಸಿನಲ್ಲಿ ಸಿಯೆನಾಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಹುಡುಗುಮುಖದ ಡಾಕ್ಟರು. ಜ್ವರಕ್ಕೆ ವಾಸನೆಯ ನರ ಸುಟ್ಟಿದೆ, ಅರವತ್ಮೂರನೇ ವಯಸ್ಸಿನಲ್ಲಿ ಅದು ಮತ್ತೆ ಚಿಗುರುತ್ತದೆಂದು ಹೇಳಲಾರೆ ಎಂದ. "ದೊಡ್ಡ ತೊಂದರೆ ಏನಿಲ್ಲ ಬಿಡಿ ಸಿನ್ಯೋರಾ, ಕಣ್ಣು ಹೋಗಿಲ್ಲವಲ್ಲ" ಎಂದು ಸಮಾಧಾನ ಬೇರೆ ಹೇಳಿದ.

ಕಣ್ಣು ಹೋಗಿದ್ದರೆ ಯಾರಾದರೂ ಕೈಹಿಡಿದು ನಡೆಸುತ್ತಿದ್ದರು. ವೈನ್ ಮಾಡುವ ನಮ್ಮ ಚೆರ್ಬೋನಿ ಮನೆಯಲ್ಲಿ ಕಣ್ಣಿಗೆ ಏನು ಬೆಲೆ? ಇಲ್ಲಿ ಐದೈದು ವರ್ಷ ಪೀಪಾಯಿಯಲ್ಲಿ ಮಲಗುವ ವೈನನ್ನು ಬಾಟಲಿಗೆ ಇಳಿಸುವುದೋ ಬೇಡವೋ, ಯಾವುದು ಮೂವತ್ತು ವರ್ಷ ಕಾಯುತ್ತದೆ, ಯಾವುದು ಮೂರು ವರ್ಷಕ್ಕೆ ಸಾಯುತ್ತದೆ ಎಂದು ಹೇಳುವುದು ಒಂದೇ ಮೂಗು. ಅದು ಮಾವನದಾಗಿತ್ತು. ಐವತ್ತೈದನೇ ಇಸವಿಯ ವೈನನ್ನು ಮಾವ ಮೂಸಿ, ಬೇಗ ಮಾರಿಬಿಡೋಣ ಎಂದಾಗ, ಸೊಸೆಯಾಗಿದ್ದ ನಾನು ಎಲ್ಲರೆದುರು ಬೇಡ ಎಂದೆ. ಇದು ಕಾಯುತ್ತದೆ, ನಮ್ಮನ್ನೆಲ್ಲ ಮೀರಿ ಕಾಯುತ್ತದೆ ಎಂದೆ. ನನ್ನ ಗಂಡ ಓರೆಸ್ತೆ ಮೇಜಿನಡಿ ನನ್ನ ಕಾಲು ತುಳಿದ. ಮಾವ ತಮ್ಮ ಗ್ಲಾಸನ್ನು ನನ್ನ ಕಡೆ ಸರಿಸಿದರು. ಅವತ್ತಿನಿಂದ ಈ ಮನೆಯ ಮೂಗು ನನ್ನದು.

ಯಾರಿಗೂ ಹೇಳುವುದಿಲ್ಲ. ಹುಳಿ, ಒಗರು, ಕಹಿ ನಾಲಗೆಗೆ ಇನ್ನೂ ತಿಳಿಯುತ್ತವೆ. ಉಳಿದದ್ದಕ್ಕೆ ನೆನಪಿದೆ.

ಮಾರ್ಚ್ 14

ನೆಲ್ಲೋ ಜೊತೆ ಪೀಪಾಯಿ ರುಚಿ ನೋಡಿದೆ. ಮೂವತ್ತೆಂಟು ವರ್ಷದಿಂದ ನಮ್ಮ ನೆಲಮಾಳಿಗೆಯನ್ನು ನೋಡಿಕೊಳ್ಳುವವನು. ಅವನ ಮುಖ ನೋಡಿ ಏನಾದರೂ ತಿಳಿದೀತೆಂದು ಪ್ರತಿ ಗುಟುಕಿಗೂ ಓರೆಗಣ್ಣಲ್ಲಿ ನೋಡಿದೆ. ಗೋಡೆ ನೋಡಿದ ಹಾಗಾಯಿತು. ನಾನು ಬಾಯಿ ಬಿಡುವ ಮುಂಚೆ ಮುಖದಲ್ಲಿ ಏನೂ ತೋರಿಸಬಾರದು ಎಂದು ಅವನಿಗೆ ಕಲಿಸಿದವಳು ನಾನೇ. ಚೆನ್ನಾಗಿ ಕಲಿತಿದ್ದಾನೆ.

ಏಳೂ ಪೀಪಾಯಿ ಸರಿಯಾಗಿವೆ ಎಂದೆ. "ಹಾಗೇ ಬರ್ಕೋತೀನಿ ಅಮ್ಮಾವ್ರೇ" ಎಂದ.

ಏಪ್ರಿಲ್ 8

ಮನೆಗೆ ಈ ವರ್ಷ ನೂರು ತುಂಬುತ್ತದೆ. ಅಕ್ಟೋಬರಿನಲ್ಲಿ ಕೊಯ್ಲು ಮುಗಿದ ಮೇಲೆ ದೊಡ್ಡ ಊಟ, ಊಟಕ್ಕೆ ಐವತ್ತೈದರ ವೈನು, ಎಂದು ಫೋಸ್ಕೋ ಕರೆಯೋಲೆ ಅಚ್ಚು ಹಾಕಿಸಿ ತಂದು ತೋರಿಸಿದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನಲು ನನ್ನ ಹತ್ತಿರ ಯಾವ ಕಾರಣವಿತ್ತು? ಅದಕ್ಕೆ ಮೊದಲು ಆ ಬಾಟಲಿಗಳ ಕತ್ತು ತುಂಬಿಸಬೇಕು. ಇಪ್ಪತ್ತೆರಡಕ್ಕೆ ಎಂದು ನಿಶ್ಚಯವಾಗಿದೆ.

ಏಪ್ರಿಲ್ 22, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಐವತ್ತೈದರವು ಉಳಿದಿರುವುದು ಇಪ್ಪತ್ತನಾಲ್ಕೇ ಬಾಟಲಿ. ಮೂವತ್ತು ವರ್ಷದಲ್ಲಿ ಬಿರಡೆ ಸೊರಗುತ್ತದೆ, ವೈನು ಎರಡು ಬೆರಳು ಕೆಳಗಿಳಿಯುತ್ತದೆ. ಎಲ್ಲವನ್ನೂ ತೆರೆದು, ಒಂದನ್ನು ಬಲಿಕೊಟ್ಟು, ಅದರಿಂದ ಉಳಿದವುಗಳ ಕತ್ತು ತುಂಬಿಸಿ ಹೊಸ ಬಿರಡೆ ಜಡಿಯುವುದು ಮಾವನ ಕಾಲದ ಕ್ರಮ. ಬಲಿಕೊಡುವ ಬಾಟಲಿ ಶುದ್ಧವಾಗಿರಬೇಕು. ಅದು ಕೆಟ್ಟಿದ್ದರೆ ಎಲ್ಲಕ್ಕೂ ವಿಷ ಹಂಚಿದ ಹಾಗೆ.

ನೆಲ್ಲೋ ಬಿರಡೆ ತೆಗೆದು ಕೊಡುತ್ತ ಹೋದ. ಫೋಸ್ಕೋ ಬರೆದುಕೊಳ್ಳುತ್ತಿದ್ದ. ಅವನ ಹೆಂಡತಿಗೆ ಬಾಟಲಿಗಳ ಕತ್ತು ಒರೆಸುವ ಕೆಲಸ ಕೊಟ್ಟಿದ್ದೆ. ನಾನು ಒಂದೊಂದನ್ನೇ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಹಿಂದೆ ಹೇಳುತ್ತಿದ್ದ ಮಾತುಗಳನ್ನೇ ಹೇಳಿದೆ. ಒಣಗಿದ ಹೂವು. ಚರ್ಮ. ಹುಳಿ ಚೆರ್ರಿ. ಇಪ್ಪತ್ತನಾಲ್ಕು ಸಲ ನನ್ನ ಮೂಗಿನಡಿ ಇದ್ದದ್ದು ಗಾಳಿ.

ಹನ್ನೊಂದನೆಯದನ್ನು ಬಲಿಗೆ ಆರಿಸಿದೆ. ಯಾಕೆ ಅದನ್ನೇ? ನಾಲಗೆಗೆ ಒಗರು ನಯವಾಗಿ ತಾಗಿತು. ಅಷ್ಟೇ. ಅವಳು ಅದರ ಕತ್ತು ಒರೆಸಲು ಬಗ್ಗಿದವಳು ಹಾಗೇ ನಿಂತಳು.

"ಅತ್ತೆ, ಇದು ಬೇಡ. ಒದ್ದೆ ರಟ್ಟಿನ ವಾಸನೆ ಬರ್ತಿದೆ. ಬಿರಡೆಗೆ ಬೂಷ್ಟು ಹಿಡಿದಿರ್ಬೇಕು."

ಹನ್ನೆರಡು ವರ್ಷದಲ್ಲಿ ಈ ನೆಲಮಾಳಿಗೆಯಲ್ಲಿ ಅವಳು ಆಡಿದ ಮೊದಲ ಮಾತು.

"ರಟ್ಟಿನದಾ?" ಎಂದೆ. "ಮೀನು ತುಂಬೋ ರಟ್ಟಿನ ಡಬ್ಬದ್ದಿರ್ಬೇಕು. ಅಪ್ಪನ ಅಂಗಡೀಲಿ ಮೂಗಿಗೆ ಅದೇ ಅಂಟಿರತ್ತೆ."

"ಡೊನಾಟೆಲ್ಲಾ, ಸುಮ್ನಿರು" ಎಂದ ಫೋಸ್ಕೋ.

"ಸುಮ್ನಿರ್ತೀನಿ. ನೀನೊಂದ್ಸಲ ಮೂಸಿ ನೋಡು."

"ಅಮ್ಮ ಮೂಸಿ ಆಯ್ತಲ್ಲ."

"ಯಾಕೆ, ನಿಂಗೆ ಮೂಗಿಲ್ವಾ?"

"ಈ ಮನೇಲಿ ಇಲ್ಲ" ಎಂದು ಅವನು ನಗಲು ನೋಡಿದ. ಯಾರೂ ನಗಲಿಲ್ಲ.

ಆಗ ನಾನು ಅನುಮಾನಕ್ಕಾದರೂ ಆ ಬಾಟಲಿಯನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಎತ್ತಿಕೊಳ್ಳಬಹುದಿತ್ತು. ಎತ್ತಿಕೊಂಡಿದ್ದರೆ ಅವಳ ಮಾತು ನಡೆದ ಹಾಗಾಗುತ್ತಿತ್ತು. "ನೆಲ್ಲೋ, ಸುರಿ" ಎಂದೆ. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಸುರಿಯತೊಡಗಿದ. ಒಂದೆರಡು ಹನಿ ಹೊರಗೆ ಚೆಲ್ಲಿದ. ಅವನಿಗೂ ವಯಸ್ಸಾಯಿತು. ಕೊನೆಯ ಕೆಲವನ್ನು ಅವನಿಗೇ ಬಿಟ್ಟು ಮೇಲೆ ಬಂದೆ.

ಏಪ್ರಿಲ್ 23

ಅವಳದೇ ತಪ್ಪು. ಖಂಡಿತ ಅವಳದೇ ತಪ್ಪು.

ಮೇ 19

ಗುಡ್ಡದ ಪೊದೆಗಳೆಲ್ಲ ಹಳದಿ ಹೂ ಬಿಟ್ಟಿವೆ. ಪ್ರತಿ ವರ್ಷ ಈ ಹೊತ್ತಿಗೆ ಕಿಟಕಿ ತೆಗೆದರೆ ತಲೆ ತಿರುಗುವಷ್ಟು ವಾಸನೆ. ಈಗ ಅದು ಬಣ್ಣ ಬಳಿದ ಗೋಡೆ.

ಸೊಸೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟ ಬಡಿಸಿದೆ, ಅಂಚೆ ಬಂತು, ಇಷ್ಟೇ. ಇವತ್ತು ಅವಳು ಬಟ್ಟೆ ಒಣಹಾಕುತ್ತಿದ್ದಾಗ, "ಈ ಸಲ ಹೂವಿನ ವಾಸನೆ ಕಡಿಮೆ ಅಲ್ವಾ" ಎಂದೆ. "ಕಡಿಮೆಯಾ? ಹಾಳಾದ್ದು, ತಲೆನೋವು ಬಂದಿದೆ" ಎಂದಳು. ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಲಿವೋರ್ನೋದವರ ಜಾಯಮಾನ.

ಒಂದು ವಿಷಯ ಬರೆಯಬೇಕು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಹೊಲಿದ ಒಂದು ಬಟ್ಟೆಯನ್ನೂ ಅವಳು ಹೊಗಳಿಲ್ಲ. ಇದನ್ನು ಯೋಚಿಸಿದಾಗಿನಿಂದ ಆ ಹನ್ನೊಂದನೆಯ ಬಾಟಲಿ ಕಣ್ಣಿಗೆ ಕಟ್ಟಿದೆ.

ಜುಲೈ 16

ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದೆ. ಸೆಕೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ತಲೆ ಭಾರವಾಗಿತ್ತು, ಮುದಿತನ ಎಂದುಕೊಂಡೆ. ಡೊನಾಟೆಲ್ಲಾ ಬಾಗಿಲು ತೆಗೆದವಳೇ ಚೀರಿದಳು. ನನ್ನ ರಟ್ಟೆ ಹಿಡಿದು ದರದರ ಎಳೆದು ಅಂಗಳದಲ್ಲಿ ಕೂರಿಸಿ, ಒಳಗೆ ಓಡಿ ಗ್ಯಾಸ್ ಮುಚ್ಚಿ, ಕಿಟಕಿ ತೆಗೆದು ಬಂದಳು. ಗ್ಯಾಸಿನ ಕೊಳವೆ ಸಡಿಲವಾಗಿತ್ತಂತೆ. ಬೀನ್ಸಿನ ಸಿಪ್ಪೆ ಇನ್ನೂ ನನ್ನ ಕೈಯಲ್ಲಿತ್ತು.

"ಅತ್ತೆ, ಬೀದಿ ತನಕ ವಾಸನೆ. ನೀವು ಅದರೊಳಗೇ ಕೂತಿದ್ರಿ."

ನಾನು ಕೈಯಲ್ಲಿದ್ದ ಸಿಪ್ಪೆಯನ್ನು ನೆಲಕ್ಕೆ ಹಾಕಿದೆ.

"ಅವತ್ತಿನ ಹಾಲು" ಎಂದಳು. ಆಮೇಲೆ ನಿಧಾನಕ್ಕೆ, "ಹೂವು" ಎಂದಳು. ಮೂರನೆಯದನ್ನು ಹೇಳಲಿಲ್ಲ. ನನ್ನ ಮುಂದೆ ನೆಲಕ್ಕೆ ಕುಕ್ಕರಿಸಿ ಕೂತು ನನ್ನ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಫೋಸ್ಕೋಗೆ ಹೇಳ್ಬೇಡ" ಎಂದೆ.

"ಇಲ್ಲ ಅತ್ತೆ."

ಆಗಸ್ಟ್ 4

ಕೇಳಿಯೇಬಿಟ್ಟೆ. "ಅವತ್ತು ನೀನು ರಟ್ಟು ಅಂದ್ಯಲ್ಲ. ಅದು ನಿಜವಾ?"

ಅವಳು ಟೊಮೆಟೊ ಹೆಚ್ಚುತ್ತಿದ್ದಳು. ಚಾಕು ನಿಂತಿತು. "ನಂಗೆ ತಪ್ಪಿರಬಹುದು ಅತ್ತೆ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಅದ್ರದ್ದೇ ಇರ್ಬೇಕು."

ಸರಿಯಾದ ಮಾತು. ಒದ್ದೆ ಬಟ್ಟೆ. ನನಗೆ ಹೊಳೆದೇ ಇರಲಿಲ್ಲ. ಇವತ್ತು ಚೆನ್ನಾಗಿ ಊಟ ಮಾಡಿದೆ.

ಆಗಸ್ಟ್ 27

ಪೀಪಾಯಿ ನೋಡಲು ಹೋಗುವಾಗ ಡೊನಾಟೆಲ್ಲಾ ದೀಪ ಹಿಡಿದು ಜೊತೆಗೆ ಬರುತ್ತಾಳೆ. ಸರಿಯಿದ್ದರೆ ದೀಪ ಮೇಲೆ, ಸರಿಯಿಲ್ಲದಿದ್ದರೆ ಸ್ವಲ್ಪ ಕೆಳಗೆ. ಇದು ಅವಳ ಉಪಾಯ, ನಾನು ಕೇಳಿಕೊಂಡದ್ದಲ್ಲ. ಐದನೇ ಪೀಪಾಯಿಯ ಮುಂದೆ ದೀಪ ಇಳಿಯಿತು. "ಇದು ವಿನೆಗರಿನ ಕಡೆ ಹೊರಟಿದೆ" ಎಂದೆ. ನೆಲ್ಲೋ ಸುಯ್ದ ಹಾಗೆ ಕೇಳಿಸಿತು. "ಮಾರ್ಚಿಂದ್ಲೇ ಅಮ್ಮಾವ್ರೇ" ಎಂದವನು ಥಟ್ಟನೆ ಬಾಯಿ ಮುಚ್ಚಿಕೊಂಡ.

ಡೊನಾಟೆಲ್ಲಾ ಮೆಟ್ಟಿಲು ಹತ್ತುವಾಗ ಕಾಲು ಸರಿಯಾಗಿ ಊರುವುದಿಲ್ಲ. ಜಾರಿ ಬಿದ್ದರೆ ಏನು ಗತಿ? ಹಿಡಿದುಕೊಳ್ಳಲು ಮೆಟ್ಟಿಲ ಪಕ್ಕ ಮರದ ಪಟ್ಟಿ ಹಾಕಿಸಲು ಹೇಳಿದೆ.

ಸೆಪ್ಟೆಂಬರ್ 29

ಕೊಯ್ಲು ಅರ್ಧವಾಯಿತು. ಹಣ್ಣು ಈ ವರ್ಷ ಅಪರೂಪದ್ದು ಎಂದು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಕಪ್ಪಗೆ ಕಾಣುತ್ತದೆ, ಕೈಗೆ ಗಟ್ಟಿಯಾಗಿ ಸಿಗುತ್ತದೆ. ನನಗೆ ತಿಳಿದದ್ದು ಅಷ್ಟೇ.

ಊಟದ ಹೊತ್ತಿಗೆ ನೆಲ್ಲೋ ಬೇರೆಯವರಿಂದ ದೂರ ಗೋಡೆಗೊರಗಿ ರೊಟ್ಟಿ ತಿನ್ನುತ್ತಿದ್ದ. ಅವನ ಪಕ್ಕ ಕಲ್ಲಿನ ಮೇಲೆ ಕೂತೆ. ಹಾಗೆ ನಾನು ಎಂದೂ ಕೂತವಳಲ್ಲ. ಅವನು ಎದ್ದು ನಿಲ್ಲಲು ಹೋದ.

"ಕೂತ್ಕೋ. ಹನ್ನೊಂದನೇ ಬಾಟಲಿ. ನಿಂಗೂ ಬಂತಾ?"

ಬಹಳ ಹೊತ್ತು ಅಗಿದ. "ಬಂತು ಅಮ್ಮಾವ್ರೇ."

"ಏನು?"

"ಬೂಷ್ಟು. ಬಿರಡೆ ತೆಗೆದ ಕೂಡ್ಲೇ ಬಂತು."

"ಗೊತ್ತಿದ್ದೂ ಸುರಿದ್ಯಾ?"

"ನೀವು ಸುರಿ ಅಂದ್ರಿ."

"ಬಾಯಿ ಇರಲಿಲ್ವಾ ನಿಂಗೆ?"

ಅವನು ರೊಟ್ಟಿಯ ಚೂರನ್ನು ಕರವಸ್ತ್ರದಲ್ಲಿ ಸುತ್ತಿಟ್ಟ. "ಅರವತ್ತೊಂದನೇ ಇಸ್ವೀಲಿ ಒಂದ್ಸಲ ಬಾಯಿ ಬಿಟ್ಟಿದ್ದೆ. ನಿನ್ನ ಮೂಗು ಕತ್ತೆಗೆ ಕಟ್ಟು ಅಂದ್ರಿ. ಎಲ್ಲರೂ ನಕ್ಕರು. ನನ್ನ ಹೆಂಡ್ತೀನೂ ಅಲ್ಲೇ ಇದ್ಲು." ಕೋಪವಿಲ್ಲದೆ, ಯಾವುದೋ ಹಳೆಯ ಮಳೆಯ ಸುದ್ದಿ ಹೇಳುವಂತೆ ಹೇಳಿದ.

ನನಗೆ ಅದರ ನೆನಪೇ ಇಲ್ಲ.

ಅಕ್ಟೋಬರ್ 19

ನಾಳೆ ಊಟ. ಹತ್ತು ಮಂದಿ. ಸಿಯೆನಾದಿಂದ ವೈನಿನ ವಿಷಯ ಕಲಿಸುವ ಪ್ರೊಫೆಸರ್ ವೆಗ್ನಿ ಬರುತ್ತಾರೆ. ಅವರಿಗೆ ತಿಳಿಯದೆ ಇರುವುದಿಲ್ಲ. ಅವರು ಮೂಗು ಮುರಿದ ಕೂಡಲೇ ನಾನು ಎದ್ದು ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ಹೇಳಿ ನೋಡಿದೆ: "ಇದನ್ನು ಕೆಡಿಸಿದ್ದು ನಾನು. ನನಗೆ ಜನವರಿಯಿಂದ ವಾಸನೆ ತಿಳಿಯುವುದಿಲ್ಲ. ನನ್ನ ಸೊಸೆ ಎಚ್ಚರಿಸಿದ್ದಳು." ಮೂರು ಚಿಕ್ಕ ವಾಕ್ಯ. ಮೂರನೆಯದು ಸರಿಯಾಗಿ ಬರುವ ತನಕ ಹೇಳಿದೆ.

ಅಕ್ಟೋಬರ್ 20, ಭಾನುವಾರ

ಕಾಡುಹಂದಿಯ ಮಾಂಸದ ಜೊತೆಗೆ ಐವತ್ತೈದರ ಎರಡು ಬಾಟಲಿ ಬಂದವು. ನೆಲ್ಲೋ ಬಡಿಸಿ ಗೋಡೆಗೆ ಹೋಗಿ ನಿಂತ. ಬಣ್ಣ ಚೆನ್ನಾಗಿತ್ತು, ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಎಲ್ಲರೂ ಪ್ರೊಫೆಸರ್ ಕಡೆ ತಿರುಗಿದರು.

ಪ್ರೊಫೆಸರ್ ಗ್ಲಾಸು ಮೂಗಿಗೆ ಹಿಡಿದರು. ನಾನು ಮೇಜಿನ ಅಂಚು ಹಿಡಿದು ಏಳಲು ಸಿದ್ಧಳಾದೆ. ಅವರ ಹುಬ್ಬು ಒಂದು ಕೂದಲೆಳೆ ಗಂಟಾಯಿತು. ನನ್ನನ್ನು ನೋಡಿದರು. ಗಂಟು ಬಿಚ್ಚಿಕೊಂಡಿತು.

"ಸಿನ್ಯೋರಾ ಜೆಲಿಂಡಾ, ಇದು ಇನ್ನೂ ನಿದ್ದೇಲಿದೆ. ಸ್ವಲ್ಪ ಗಾಳಿಯಾಡ್ಲಿ. ಆಹಾ, ಎಂಥ ಘನತೆ!"

ಅವರು ಅಂದದ್ದೇ ತಡ, ಸುತ್ತಲೂ ಶುರುವಾಯಿತು. ಘನತೆ. ಗಾಂಭೀರ್ಯ. ಪಾದ್ರಿಗಳು ಕಣ್ಣು ಮುಚ್ಚಿದರು. ಪಕ್ಕದ ತೋಟದವರು, ಮೂವತ್ತು ವರ್ಷದಿಂದ ನಮ್ಮ ಮೇಲೆ ಹೊಟ್ಟೆ ಉರಿಸಿಕೊಳ್ಳುವವರು, ಅವರೂ ತಲೆದೂಗಿದರು. ಫೋಸ್ಕೋ ಗಟಗಟ ಕುಡಿದು, "ಅಮ್ಮನ ವೈನು" ಎಂದ. ಒಬ್ಬರೂ ಎರಡನೇ ಸಲ ಕೇಳಲಿಲ್ಲ. ಎಲ್ಲರ ಕೈಯೂ ನೀರಿನ ಗ್ಲಾಸಿನ ಕಡೆ ಹೋಗುತ್ತಿತ್ತು. ಮೂಗಿಲ್ಲದಿದ್ದರೂ ಅದು ಕಾಣುತ್ತದೆ.

ಡೊನಾಟೆಲ್ಲಾಳ ಗ್ಲಾಸು ಮುಟ್ಟಿದಂತಿರಲಿಲ್ಲ. ನಿಜ ಹೇಳಲು ಅವಳಿದ್ದಾಳಲ್ಲ ಎಂದುಕೊಂಡೆ.

"ಡೊನಾಟೆಲ್ಲಾ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಮೂಸಿ ನೋಡು. ಏನು ವಾಸನೆ ಬರ್ತಿದೆ, ಹಾಗೇ ಹೇಳು."

ಅವಳು ಗ್ಲಾಸು ಎತ್ತಿದಳು. ಮೂಗಿಗೆ ಹಿಡಿದಳು. ನನ್ನ ಕಡೆ ನೋಡಿದಳು, ಜುಲೈಯಲ್ಲಿ ಅಂಗಳದಲ್ಲಿ ನೋಡಿದ ಹಾಗೆ.

"ತುಂಬಾ ಚೆನ್ನಾಗಿದೆ ಅತ್ತೆ" ಎಂದಳು, ಮೆತ್ತಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಧ ಎದ್ದಿದ್ದವಳು ಕೂತೆ. ನನ್ನ ಮೂರು ವಾಕ್ಯ ಹೇಳದೆಯೇ ಉಳಿದವು.

ಅಕ್ಟೋಬರ್ 21

ಫೋಸ್ಕೋ ಬೆಳಿಗ್ಗೆಯೇ ಪ್ರೊಫೆಸರನ್ನು ಸಿಯೆನಾಗೆ ಬಿಟ್ಟುಬರಲು ಹೋದ. ನಾನು ನೆಲಮಾಳಿಗೆಗೆ ಇಳಿದು ಉಳಿದ ಇಪ್ಪತ್ತೊಂದು ಬಾಟಲಿಗಳನ್ನು ಮೋರಿಯ ಪಕ್ಕ ಸಾಲಾಗಿ ಇಟ್ಟುಕೊಂಡೆ. ಒಂದೊಂದರದೇ ಬಿರಡೆ ತೆಗೆದು ಮೋರಿಗೆ ಬಗ್ಗಿಸಿದೆ. ನೆಲ್ಲೋ ಬಂದು ಬಾಗಿಲಲ್ಲಿ ಟೋಪಿ ಹಿಡಿದು ನಿಂತ. ಬೇಡ ಎನ್ನಲಿಲ್ಲ, ಸಹಾಯಕ್ಕೂ ಬರಲಿಲ್ಲ.

ಒಂಬತ್ತೋ ಹತ್ತೋ ಬಾಟಲಿ ಆದ ಮೇಲೆ ಡೊನಾಟೆಲ್ಲಾ ಓಡಿ ಬಂದಳು.

"ಅತ್ತೆ! ಏನಿದು? ಚೆನ್ನಾಗಿದೆ ಅಂದೆನಲ್ಲ!"

"ನೀನು ಸುಳ್ಳು ಹೇಳಿದೆ."

"ನಿಮಗೆ ಹ್ಯಾಗೆ ಗೊತ್ತು?"

"ನಿಜ ಹೇಳುವಾಗ ನೀನು ಇಷ್ಟು ಮೆತ್ತಗೆ ಮಾತಾಡೋಳಲ್ಲ."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಹೌದು, ಹೇಳಿದೆ. ಅಷ್ಟು ಜನರ ಮುಂದೆ ಇನ್ನೇನು ಹೇಳ್ಲಿ? ಏಪ್ರಿಲ್‌ನಲ್ಲಿ ನಿಜ ಹೇಳಿದ್ದಕ್ಕೆ ಏನು ಸಿಕ್ತು ನಂಗೆ?"

ಇನ್ನೊಂದು ಬಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಂದು ನನ್ನ ಪಕ್ಕ ಮಂಡಿಯೂರಿ ಕೂತು, ಪ್ರತಿಯೊಂದನ್ನೂ ಮೂಸಿ ಹೇಳತೊಡಗಿದಳು. ರಟ್ಟು. ರಟ್ಟು. ಹಳೇ ಪೇಪರು. ರಟ್ಟು. ಕೊನೆಯದಕ್ಕೆ ಬಂದಾಗ ನನ್ನ ಕೈ ಹಿಡಿದಳು.

"ಇದನ್ನ ಬಿಡಿ ಅತ್ತೆ. ಇದು ಚೆನ್ನಾಗಿದೆ."

ಅವಳ ಮುಖ ನೋಡಿದೆ. ಕಣ್ಣು ಒದ್ದೆಯಾಗಿತ್ತು. ಅದು ವೈನಿಗೋ, ನನಗೋ? ನಿನ್ನೆಯೂ ಇದೇ ಮಾತು ಹೇಳಿದ್ದಳು. ಎಲ್ಲ ಹೋಗಿ ಒಂದಾದರೂ ಇವಳಿಗೆ ಉಳಿಯಲಿ ಎಂದು ಕರುಣೆಯಿಂದ ಹೇಳುತ್ತಿದ್ದಾಳೆ ಎಂದುಕೊಂಡೆ. ನನಗೆ ಕರುಣೆ ಬೇಕಿರಲಿಲ್ಲ. ಅವಳ ಕೈ ಬಿಡಿಸಿಕೊಂಡು ಬಗ್ಗಿಸಿದೆ. ಕೊನೆಯ ಹನಿ ಬೀಳುವ ತನಕ ಹಿಡಿದಿದ್ದೆ.

ಆಗ ಬಾಗಿಲಿಂದ ನೆಲ್ಲೋ ಹೇಳಿದ. "ಅದು ಕತ್ತಿನ ತನಕ ತುಂಬೇ ಇತ್ತು ಅಮ್ಮಾವ್ರೇ. ಏಪ್ರಿಲ್‌ನಲ್ಲಿ ಅದಕ್ಕೆ ಆ ಹನ್ನೊಂದನೇದ್ರ ಒಂದು ಹನೀನೂ ಹಾಕಿರ್ಲಿಲ್ಲ."

"ಈಗ ಹೇಳ್ತೀಯಾ?"

"ನೀವು ಕೇಳ್ಲಿಲ್ಲ."

ಡೊನಾಟೆಲ್ಲಾ ನೆಲದ ಕಲ್ಲಿನ ಮೇಲೆ ನಿಂತಿದ್ದ ಒಂದಿಷ್ಟು ವೈನಿನಲ್ಲಿ ಬೆರಳದ್ದಿ ಮೂಗಿಗೆ ಹಿಡಿದಳು. ಒಣಗಿದ ಹೂವು ಎಂದಳು. ಕಿತ್ತಳೆ ಸಿಪ್ಪೆ. ಹೊಸ ಚರ್ಮದ ಪಾದರಕ್ಷೆ. ಮಳೆ ಬಿದ್ದ ಕಬ್ಬಿಣದ ಗೇಟು. ನಾನು ಎಂದೂ ಹೇಳದ ಮಾತುಗಳು, ಆದರೆ ಅದು ಐವತ್ತೈದೇ. ಮಾವ ನನ್ನ ಕಡೆ ಸರಿಸಿದ ಗ್ಲಾಸಿನಲ್ಲಿ ಇದ್ದದ್ದು ಅದೇ.

"ಆಮೇಲೆ?" ಎಂದೆ.

"ಹೋಯ್ತು ಅತ್ತೆ. ಮೋರಿ ವಾಸನೆ ಬೆರೀತು" ಎಂದಳು. ಈ ಸಲ ಮೆತ್ತಗೆ ಹೇಳಲಿಲ್ಲ.